ಮಾಹಿತಿ ಸಾಕ್ಷರತೆ: ಕಲ್ಲುಗುಂಡಿಯ ನಿದರ್ಶನದಿಂದ ಒಂದು ವಿವೇಚನೆ

1

ಅಕ್ಷರ ಬಲ್ಲವರು ಸುದ್ದಿಯನ್ನು ಓದಬಲ್ಲರು. ಆದರೆ ಓದಿದ ಸುದ್ದಿಯನ್ನು ತೂಗಿ ನೋಡಬಲ್ಲರೆಂದು ಹೇಳುವಂತಿಲ್ಲ. ಈ ಎರಡು ಸಾಮರ್ಥ್ಯಗಳ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಎಂಬವರು ಆ ದೇಶದ ಗ್ರಂಥಾಲಯ ಆಯೋಗಕ್ಕೆ ಸಲ್ಲಿಸಿದ ವರದಿಯೊಂದರಲ್ಲಿ ‘ಇನ್‌ಫರ್ಮೇಷನ್ ಲಿಟರಸಿ’ ಎಂಬ ಮಾತನ್ನು ಮೊದಲಾಗಿ ಬಳಸಿದರು. ಕನ್ನಡದಲ್ಲಿ ಅದನ್ನು ಮಾಹಿತಿ ಸಾಕ್ಷರತೆ ಎಂದು ಕರೆಯುವುದು ರೂಢಿಗೆ ಬಂದಿದೆ. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮಿತಿಯೊಂದು ಇದರ ಲಕ್ಷಣವನ್ನು ನಿರೂಪಿಸಿತು: ತನಗೆ ಮಾಹಿತಿ ಬೇಕಾಗಿದೆಯೆಂದು ಅರಿಯುವುದು, ಅದನ್ನು ಹುಡುಕಿ ಪಡೆಯುವುದು, ಅದರ ಬೆಲೆ ಕಟ್ಟುವುದು, ಸಮರ್ಪಕವಾಗಿ ಉಪಯೋಗಿಸುವುದು, ಈ ನಾಲ್ಕೂ ಕೂಡಿದುದು ಮಾಹಿತಿ ಸಾಕ್ಷರತೆ. 2005ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸೇರಿದ ವಿದ್ವಾಂಸರು ಇದನ್ನು ಮನುಷ್ಯನ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿ ಘೋಷಣೆ ಹೊರಡಿಸಿದರು.

ಈ ಲಕ್ಷಣವನ್ನು ರೂಪಿಸಿದ ದೇಶಗಳಿಗೂ ನಮ್ಮ ದೇಶಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅಲ್ಲಿ ಸಾರ್ವಜನಿಕ ಗ್ರಂಥಾಲಯ, ದಿನಪತ್ರಿಕೆ, ದೂರವಾಣಿ, ರೇಡಿಯೊ, ಗಣಕಯಂತ್ರ ಇವು ಒಂದಾದ ಮೇಲೊಂದರಂತೆ ನೂರೈವತ್ತು ವರ್ಷಗಳ ಅವಧಿಯಲ್ಲಿ ಬಂದವು. ಒಂದೊಂದನ್ನೂ ಬಳಸುವ ರೀತಿನೀತಿಗಳನ್ನು ರೂಢಿಸಿಕೊಳ್ಳಲು ಅಲ್ಲಿನ ಸಮಾಜಕ್ಕೆ ಕಾಲಾವಕಾಶವಿತ್ತು. ಅಭಿವೃದ್ಧಿಶೀಲ ದೇಶಗಳ ಬಹುಪಾಲು ಗ್ರಾಮಗಳಲ್ಲಾದರೋ ಇವೆಲ್ಲವೂ ಒಂದೇ ತಲೆಮಾರಿನಲ್ಲಿ, ಒಂದೇ ಮೊಬೈಲಿನ ರೂಪದಲ್ಲಿ, ಅಂಗೈಗೆ ಬಂದು ಕುಳಿತವು. ಯಂತ್ರ ಮೊದಲು ಬಂದಿತು; ಅದು ತರುವ ಸುದ್ದಿಯನ್ನು ಪರೀಕ್ಷಿಸುವ ಅಭ್ಯಾಸ ಹಿಂದೆ ಉಳಿಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಅಂಥ ಅಭ್ಯಾಸ ನಮ್ಮ ಗ್ರಾಮಗಳಲ್ಲಿ ಇಲ್ಲವೇ ಇಲ್ಲವೆ? ಇದ್ದರೆ ಎಲ್ಲಿದೆ? ಇದನ್ನು ಒಂದು ಸ್ಥಳದ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

2

ನಾವು ಆರಿಸಿಕೊಂಡಿರುವ ಸ್ಥಳ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಕಲ್ಲುಗುಂಡಿ. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಘಟ್ಟವೇರುವ ಮುನ್ನ ಸಿಗುವ ಸಣ್ಣ ಪೇಟೆ ಇದು. ಒಂದು ಕಡೆ ಪಯಸ್ವಿನಿ ಹೊಳೆ, ಇನ್ನೊಂದು ಕಡೆ ಕಾಡು ತುಂಬಿದ ಗುಡ್ಡ, ನಡುವೆ ಅಡಿಕೆ ಮತ್ತು ರಬ್ಬರ್ ತೋಟಗಳು. ಇಲ್ಲಿಯ ಜನರ ಬಾಯಲ್ಲಿ ಅರೆಭಾಷೆ, ತುಳು, ಮಲಯಾಳ, ಬ್ಯಾರಿ ಭಾಷೆಗಳು ಕನ್ನಡದೊಡನೆ ನಡೆಯುತ್ತವೆ. 1964ರ ಭಾರತ-ಸಿಲೋನ್ ಒಪ್ಪಂದದ ಫಲವಾಗಿ ಬಂದು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರೂ ಈ ತಾಲ್ಲೂಕಿನಲ್ಲಿದ್ದಾರೆ.

ಅಕ್ಷರಜ್ಞಾನದ ದೃಷ್ಟಿಯಿಂದ ಇದು ಹಿಂದುಳಿದ ಪ್ರದೇಶವಲ್ಲ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡ 88.57, ಇಡೀ ರಾಜ್ಯದ್ದು ಶೇಕಡ 75.36. ಆದುದರಿಂದ ಇಲ್ಲಿ ಸುದ್ದಿಯ ವಿಷಯದಲ್ಲಿ ತೊಡಕುಂಟಾದರೆ ಅದಕ್ಕೆ ನಿರಕ್ಷರತೆಯೇ ಕಾರಣವೆಂದು ಹೇಳಿ ಮುಗಿಸುವಂತಿಲ್ಲ. ಈ ಸ್ಥಳವನ್ನು ಆರಿಸಲು ಅದೂ ಒಂದು ಕಾರಣ.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಸುಳ್ಯದಿಂದ ಪೂರ್ವಕ್ಕೆ ಹೊರಟ ಪ್ರಯಾಣಿಕನಿಗೆ ಮೊದಲು ಸಿಗುವ ಪೆರಾಜೆ ಕೊಡಗು ಜಿಲ್ಲೆಗೆ ಸೇರಿದ್ದು. ಅನಂತರದ ಅರಂತೋಡು, ಗೂನಡ್ಕ, ಕಲ್ಲುಗುಂಡಿ ದಕ್ಷಿಣ ಕನ್ನಡದವು. ಮತ್ತೆ ಮುಂದಕ್ಕೆ ಕೊಡಗು. ಕಲ್ಲುಗುಂಡಿ ಇರುವ ಗ್ರಾಮದ ಹೆಸರು ಸಂಪಾಜೆ. ಗಡಿಯಾಚೆ ಕೊಡಗಿಗೆ ಸೇರಿದ ಗ್ರಾಮದ ಹೆಸರೂ ಸಂಪಾಜೆಯೇ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದಕ್ಕೆ ಸೇರಿದ್ದ ಅಮರ ಸುಳ್ಯ ಪ್ರಾಂತವನ್ನು ಕೆನರಾ ಜಿಲ್ಲೆಗೆ ವರ್ಗಾಯಿಸಿದರು. ಅಂದು ಎಳೆದ ಗೆರೆಯ ಪರಿಣಾಮ ಇಂದಿನ ಸುದ್ದಿಯ ಮೇಲೂ ಇದೆ. ‘ಸಂಪಾಜೆಯಲ್ಲಿ ಗುಡ್ಡ ಕುಸಿದಿದೆ’ ಎಂಬ ಒಂದು ಸಾಲು ಮೊಬೈಲಿಗೆ ಬಂದರೆ ಯಾವ ಸಂಪಾಜೆ ಎಂಬ ಪ್ರಶ್ನೆ ಮೊದಲು ಏಳಬೇಕು. ಅದು ಏಳದಿದ್ದರೆ ಸುದ್ದಿ ನಿಜವಾಗಿದ್ದರೂ ಕೇಳಿದವನು ತಪ್ಪು ದಾರಿ ಹಿಡಿಯುತ್ತಾನೆ.

3

2022ರ ಜೂನ್ ಕೊನೆಯ ವಾರದಲ್ಲಿ ಈ ಪ್ರದೇಶದಲ್ಲಿ ಭೂಮಿ ನಡುಗಿತು. ಜೂನ್ 25ರಂದು ಒಮ್ಮೆ, 28ರ ಬೆಳಿಗ್ಗೆ ಮತ್ತೊಮ್ಮೆ, ಆಮೇಲೆ ಜುಲೈ ತಿಂಗಳಿನಲ್ಲಿಯೂ ಕೆಲವು ಸಲ ಕಂಪನದ ಅನುಭವವಾಯಿತು. 28ರ ಕಂಪನದ ಪ್ರಮಾಣ ರಿಕ್ಟರ್ ಮಾನದಲ್ಲಿ 3.0 ಎಂದು ದಾಖಲಾಯಿತು. ಅದರ ಕೇಂದ್ರ ಕೊಡಗಿನ ಚೆಂಬು ಗ್ರಾಮದ ಸಮೀಪದಲ್ಲಿತ್ತು. ಸಂಪಾಜೆ, ಕಲ್ಲುಗುಂಡಿ, ಗೂನಡ್ಕ, ಅರಂತೋಡು ಮುಂತಾದ ಕಡೆಗಳಲ್ಲಿ ಜನರು ನೆಲದೊಳಗಿನಿಂದ ಬಂದ ಶಬ್ದವನ್ನು ಕೇಳಿದರು, ಪಾತ್ರೆಗಳು ಅಲುಗಿದವು, ಅನೇಕರು ಮನೆಯಿಂದ ಹೊರಗೆ ಓಡಿ ಬಂದರು.

ಜನರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. 2018ರ ಜುಲೈಯಲ್ಲಿ ಕೊಡಗಿನಲ್ಲಿ ಲಘುವಾದ ಕಂಪನವಾಗಿತ್ತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಜೋಡುಪಾಲ, ಮದೆನಾಡು ಕಡೆಗಳಲ್ಲಿ ಗುಡ್ಡಗಳು ಜರಿದು ಪ್ರಾಣಹಾನಿಯಾಯಿತು, ಹೆದ್ದಾರಿ ಮುಚ್ಚಿತು, ಮನೆ ಕಳೆದುಕೊಂಡವರು ಘಟ್ಟದ ಕೆಳಗಿನ ಊರುಗಳ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಮೊದಲು ಕಂಪನ, ಅನಂತರ ಕುಸಿತ ಎಂಬ ಈ ಕ್ರಮ ಜನರ ನೆನಪಿನಲ್ಲಿ ಉಳಿದಿತ್ತು. ಆದರೆ ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ನಮ್ಮ ವಿದ್ಯಾರ್ಥಿಗಳು ಇದನ್ನು ಕಲಿಯುತ್ತಾರೆ. ಎಡೆಬಿಡದ ಮಳೆ, ಮಣ್ಣಿನ ಗುಣ, ರಸ್ತೆಗೂ ಕಟ್ಟಡಕ್ಕೂ ಗುಡ್ಡವನ್ನು ಕಡಿದ ರೀತಿ, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಕುಸಿತದ ಕಾರಣವನ್ನು ನಿರ್ಣಯಿಸಲಾಗದು.

ಇಂಥ ಸಂದರ್ಭದಲ್ಲಿ ಮೊಬೈಲಿಗೆ ಬಂದು ಸೇರುವ ಸುದ್ದಿಗಳನ್ನು ಬಿಡಿಸಿ ನೋಡಿದರೆ ಅವು ಮೂರು ಜಾತಿಗೆ ಸೇರುತ್ತವೆ. ಮೊದಲನೆಯದು ಅಳತೆ: ‘ಇಂಥ ಹೊತ್ತಿಗೆ, ಇಂಥ ಸ್ಥಳದಲ್ಲಿ, 3.0 ಪ್ರಮಾಣದ ಕಂಪನ’. ಎರಡನೆಯದು ವಿವರಣೆ: ‘ಮಳೆನೀರು ಬಂಡೆಯ ಬಿರುಕಿಗೆ ಇಳಿದುದರಿಂದ ಹೀಗಾಗಿರಬಹುದು’. ಮೂರನೆಯದು ಭವಿಷ್ಯ: ‘ಇಂದು ರಾತ್ರಿ ಇನ್ನೂ ದೊಡ್ಡ ಕಂಪನ ಬರಲಿದೆ’. ಮೂರೂ ಒಂದೇ ಬಗೆಯ ಅಕ್ಷರಗಳಲ್ಲಿ, ಒಂದೇ ಪರದೆಯ ಮೇಲೆ, ಒಂದರ ಕೆಳಗೊಂದು ಬರುತ್ತವೆ. ಆದರೆ ಅವುಗಳ ಯೋಗ್ಯತೆ ಒಂದೇ ಅಲ್ಲ. ಅಳತೆಗೆ ಯಂತ್ರದ ಸಾಕ್ಷಿಯಿದೆ. ಅದನ್ನು ಬೇರೆ ಕೇಂದ್ರದ ಅಳತೆಯೊಡನೆ ಹೋಲಿಸಿ ನೋಡಬಹುದು. ವಿವರಣೆ ತಜ್ಞರ ಊಹೆ. ಅದು ಮುಂದಿನ ಸಂಶೋಧನೆಯಿಂದ ಬದಲಾಗಬಹುದು. ಭೂಕಂಪದ ಭವಿಷ್ಯಕ್ಕಾದರೋ ಆಧಾರವೇ ಇಲ್ಲ. ಇಂಥ ದಿನ, ಇಂಥ ಗಂಟೆಗೆ, ಇಂಥ ಊರಿನಲ್ಲಿ ಭೂಕಂಪವಾಗುವುದೆಂದು ಮುಂದಾಗಿ ಹೇಳುವ ವಿಧಾನ ಜಗತ್ತಿನ ಯಾವ ವಿಜ್ಞಾನಿಯ ಬಳಿಯೂ ಇಂದಿಗೂ ಇಲ್ಲ. ಈ ಒಂದು ಸಂಗತಿಯನ್ನು ಅರಿತವನು ಮೂರನೆಯ ಜಾತಿಯ ಸುದ್ದಿಯನ್ನು, ಅದು ಯಾರ ಹೆಸರಿನಲ್ಲಿ ಬಂದರೂ, ಮುಂದಕ್ಕೆ ಕಳುಹಿಸದೆ ನಿಲ್ಲಿಸಬಲ್ಲನು.

ಅಳತೆಯನ್ನು ಓದುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಭೂಕಂಪದ ಮಾನ ನಮ್ಮ ಸೇರು ಬಳ್ಳಗಳ ಲೆಕ್ಕದಂತೆ ಸಮನಾಗಿ ಏರುವುದಿಲ್ಲ. ಒಂದು ಅಂಕ ಹೆಚ್ಚಾದರೆ ನೆಲದ ಅಲುಗಾಟ ಹತ್ತು ಪಟ್ಟು ಹೆಚ್ಚುತ್ತದೆ. ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಪ್ರಮಾಣ ಸುಮಾರು 6.2. ‘ಮೂರು’ ಮತ್ತು ‘ಆರು’ ಎಂಬ ಅಂಕಗಳನ್ನು ಮಾತ್ರ ನೋಡಿದವನು ಲಾತೂರಿನದು ಇಮ್ಮಡಿ ದೊಡ್ಡದೆಂದು ಭಾವಿಸಬಹುದು. ನಿಜವಾಗಿ ಅದರ ಶಕ್ತಿ ಚೆಂಬುವಿನ ಕಂಪನದ ಅರುವತ್ತು ಸಾವಿರ ಪಟ್ಟಿನಷ್ಟು. ಇದನ್ನು ತಿಳಿದರೆ ಭಯ ಅಳತೆಗೆ ಬರುತ್ತದೆ. ಆದರೆ ಲಾತೂರಿನ ಉದಾಹರಣೆ ಇನ್ನೊಂದನ್ನೂ ಹೇಳುತ್ತದೆ: ದಕ್ಷಿಣ ಪ್ರಸ್ಥಭೂಮಿ ಗಟ್ಟಿಯಾದುದು, ಇಲ್ಲಿ ಏನೂ ಆಗದು ಎಂಬ ಪೂರ್ಣ ನಿಶ್ಚಿಂತೆಯೂ ಸಲ್ಲದು. ನೆಲದೊಳಗಿನ ಶಬ್ದದ ವಿಷಯವೂ ಹೀಗೆಯೇ. ಹೆಚ್ಚು ಆಳವಿಲ್ಲದ ಸಣ್ಣ ಕಂಪನದ ಅಲೆಗಳು ನೆಲದಿಂದ ಗಾಳಿಗೆ ದಾಟಿದಾಗ ಕಿವಿಗೆ ಕೇಳಿಸುತ್ತವೆ. ಶಬ್ದ ಜೋರಾಗಿದ್ದಿತೆಂದು ಅಪಾಯ ದೊಡ್ಡದೆಂದು ತಿಳಿಯಬೇಕಾಗಿಲ್ಲ.

4

ಜೂನ್, ಜುಲೈ ತಿಂಗಳುಗಳಲ್ಲಿ ಈ ಭಾಗದ ಮಾತೆಲ್ಲ ಭೂಕಂಪನದ ಸುತ್ತ ತಿರುಗುತ್ತಿತ್ತು. ಆದರೆ ಹಾನಿ ಬಂದುದು ಬೇರೆ ದಿಕ್ಕಿನಿಂದ. ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಘಟ್ಟದ ಸಾಲಿನಲ್ಲಿ ಭಾರಿ ಮಳೆ ಸುರಿದು ಪಯಸ್ವಿನಿ ಉಕ್ಕಿತು. ಕಲ್ಲುಗುಂಡಿ, ಸಂಪಾಜೆ ಕಡೆಯ ತಗ್ಗಿನ ಮನೆ ಅಂಗಡಿಗಳಿಗೂ ತೋಟಗಳಿಗೂ ನೀರು ನುಗ್ಗಿತು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭೂಕಂಪವನ್ನು ಮುಂದಾಗಿ ತಿಳಿಯಲು ಸಾಧ್ಯವಿಲ್ಲ. ಮಳೆಯನ್ನು ಸ್ವಲ್ಪಮಟ್ಟಿಗೆ ಮುಂದಾಗಿ ತಿಳಿಯಬಹುದು, ಸುರಿಯುತ್ತಿರುವಾಗಲೇ ಅಳೆಯಬಹುದು. ತಿಳಿಯಲಾರದ ವಿಷಯದ ಮಾತು ಎಷ್ಟು ಬೇಗ ಹರಡುತ್ತದೆಯೋ ತಿಳಿಯಬಹುದಾದ ವಿಷಯದ ಮಾಹಿತಿ ಅಷ್ಟು ಬೇಗ ಹರಡುವುದಿಲ್ಲ. ಮಾಹಿತಿ ಸಾಕ್ಷರತೆಯ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ಮಳೆಯ ಮಾಹಿತಿ ಇಲ್ಲವೆಂದಲ್ಲ. ಕರ್ನಾಟಕದಲ್ಲಿ 1988ರಲ್ಲಿ ಬರಗಾಲದ ವೀಕ್ಷಣೆಗಾಗಿ ಆರಂಭವಾದ ಕೋಶ 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಅದು ರಾಜ್ಯದ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ರೈತರ ಪ್ರಶ್ನೆಗಳಿಗೆ ಉತ್ತರಿಸಲು ‘ವರುಣಮಿತ್ರ’ ಎಂಬ ಸಹಾಯವಾಣಿಯನ್ನು ನಡೆಸಿಕೊಂಡು ಬಂದಿದೆ. ಭಾರತೀಯ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಬಣ್ಣ ಬರಲಿರುವ ಮಳೆಯ ವರ್ಣನೆ ಮಾತ್ರವಲ್ಲ. ಮಾಡಬೇಕಾದ ಕೆಲಸದ ಸೂಚನೆಯೂ ಹೌದು. ಹಳದಿಯೆಂದರೆ ಗಮನವಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಕ್ಕೆ ತೊಡಗಿರಿ. ಇಲಾಖೆಯ ಪರಿಭಾಷೆಯಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರಿನಿಂದ 115.5ರವರೆಗೆ ‘ಭಾರಿ ಮಳೆ’, 115.6ರಿಂದ 204.4ರವರೆಗೆ ‘ಅತಿ ಭಾರಿ’; ಅದಕ್ಕೂ ಮಿಕ್ಕಿದುದು ‘ಅತ್ಯಂತ ಭಾರಿ’. ಇಲ್ಲಿ ದಿನವೆಂದರೆ ಬೆಳಿಗ್ಗೆ 8-30ರಿಂದ ಮರುದಿನ ಬೆಳಿಗ್ಗೆ 8-30ರವರೆಗೆ.

ಈಗ ಕಲ್ಲುಗುಂಡಿಯ ಹೊಳೆಯ ದಂಡೆಯಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರೊಬ್ಬರು ‘ದಕ್ಷಿಣ ಕನ್ನಡಕ್ಕೆ ಹಳದಿ ಎಚ್ಚರಿಕೆ’ ಎಂಬ ಸುದ್ದಿಯನ್ನು ಓದಿದರೆನ್ನೋಣ. ಅವರು ಮೂರು ಸಂಗತಿಗಳನ್ನು ವಿಚಾರಿಸಬೇಕಾಗುತ್ತದೆ. ಈ ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು. ಸುಮಾರು ನೂರು ಕಿಲೋಮೀಟರು ದೂರದ ಮಂಗಳೂರಿನ ಕಡಲತಡಿಗೂ ತಮ್ಮ ಘಟ್ಟದ ಬುಡಕ್ಕೂ ಅದೇ ಬಣ್ಣ. ಎರಡನೆಯದಾಗಿ, ಅದು ಎಷ್ಟು ಗಂಟೆಗಳ ಅವಧಿಗೆ ಅನ್ವಯಿಸುತ್ತದೆ, ನಿನ್ನೆಯದೋ ಇಂದಿನದೋ ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಯಸ್ವಿನಿ ಹುಟ್ಟುವುದು ಕೊಡಗಿನ ಮಲೆಗಳಲ್ಲಿ. ಕಲ್ಲುಗುಂಡಿಯ ಅಂಗಳಕ್ಕೆ ಬರುವ ನೀರು ಬಹುಮಟ್ಟಿಗೆ ಪಕ್ಕದ ಜಿಲ್ಲೆಯಲ್ಲಿ ಸುರಿದ ಮಳೆ. ಆದುದರಿಂದ ಅವರು ತಮ್ಮ ಜಿಲ್ಲೆಯ ಎಚ್ಚರಿಕೆಯ ಜೊತೆಗೆ ಕೊಡಗಿನ ಎಚ್ಚರಿಕೆಯನ್ನೂ ಓದಬೇಕು. ಆಡಳಿತದ ಗಡಿಯೊಂದು, ನೀರಿನ ಗಡಿಯೊಂದು ಎಂಬುದನ್ನು ತಿಳಿದು ಎರಡನ್ನೂ ನೋಡುವುದೇ ಈ ಸ್ಥಳದಲ್ಲಿ ಮಾಹಿತಿ ಸಾಕ್ಷರತೆ. ಈ ತಿಳಿವಳಿಕೆ ಯಾವ ಯಂತ್ರದಲ್ಲಿಯೂ ತುಂಬಿ ಬರುವುದಿಲ್ಲ. ಸ್ಥಳದ ಪರಿಚಯದಿಂದ ಬರಬೇಕು.

5

ಯಂತ್ರದ ಜೊತೆಗೆ ಸ್ಥಳದ ಪರಿಚಯವೂ ಬೇಕೆಂಬ ಈ ಮಾತಿಗೆ ಬೇರೆ ಕಡೆಗಳ ಅನುಭವವೂ ಪುಷ್ಟಿ ಕೊಡುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಭಾರತದಲ್ಲಿ ಉಪಗ್ರಹದ ಮೂಲಕ ಶೈಕ್ಷಣಿಕ ದೂರದರ್ಶನದ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನ ಯಂತ್ರಗಳನ್ನು ಕೊಟ್ಟರು. ನಮ್ಮ ರಾಜ್ಯದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಷ್ಟು ದೊಡ್ಡ ಪ್ರಯೋಗ ಅದುವರೆಗೆ ಯಾವ ದೇಶದಲ್ಲಿಯೂ ನಡೆದಿರಲಿಲ್ಲ. ಆದರೆ ಅದರ ರಚನೆಯಲ್ಲಿ ಮಾಹಿತಿ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತಿತ್ತು. ಹಳ್ಳಿಯವರು ನೋಡಬಹುದಿತ್ತು, ಅದೇ ಯಂತ್ರದ ಮೂಲಕ ಮರುಪ್ರಶ್ನೆ ಕೇಳುವಂತಿರಲಿಲ್ಲ.

ಇದಕ್ಕೆ ಎದುರಾದ ಚಿತ್ರ ಕಾಸರಗೋಡಿನದು. ಕಲ್ಲುಗುಂಡಿಯ ಪಯಸ್ವಿನಿಯೇ ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಸಮುದ್ರವನ್ನು ಸೇರುತ್ತದೆ. ಕೇರಳದ ಉತ್ತರ ಕರಾವಳಿಯಲ್ಲಿ ಮೊಬೈಲ್ ದೂರವಾಣಿ 1997ರಲ್ಲಿ ಕೋಳಿಕ್ಕೋಡಿಗೂ, 1998ರಲ್ಲಿ ಕಣ್ಣೂರಿಗೂ, 2000ದಲ್ಲಿ ಕಾಸರಗೋಡಿಗೂ ಬಂದಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್‌ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೀನುಗಾರರು ದೋಣಿಯಿಂದಲೇ ಬೇರೆ ಬೇರೆ ದಡಗಳ ಧಾರಣೆ ವಿಚಾರಿಸತೊಡಗಿದ ಮೇಲೆ ದಡದಿಂದ ದಡಕ್ಕಿದ್ದ ಬೆಲೆಯ ಅಂತರ ಬಹಳವಾಗಿ ತಗ್ಗಿತು. ಕೊಳ್ಳುವವರಿಲ್ಲದೆ ಮೀನು ಹಾಳಾಗುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇಕಡ 8ರಷ್ಟು ಹೆಚ್ಚಿತು. ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು. ಅವರಿಗೆ ಯಾರೂ ಮಾಹಿತಿ ಸಾಕ್ಷರತೆಯ ತರಬೇತಿ ಕೊಟ್ಟಿರಲಿಲ್ಲ. ತಮಗೆ ಏನು ತಿಳಿಯಬೇಕು, ಯಾರನ್ನು ಕೇಳಬೇಕು, ಕೇಳಿದ ಮಾತು ಸುಳ್ಳಾದರೆ ಹೇಗೆ ಗೊತ್ತಾಗುತ್ತದೆ ಎಂಬುದು ಅವರ ಕಸುಬಿನಲ್ಲಿಯೇ ಇತ್ತು. ಯಂತ್ರ ಆ ತಿಳಿವಳಿಕೆಗೆ ವೇಗ ಕೊಟ್ಟಿತು.

ನಮ್ಮ ರಾಜ್ಯದ ‘ಭೂಮಿ’ ಯೋಜನೆಯೂ ಇಲ್ಲಿ ನೆನಪಿಗೆ ಬರುತ್ತದೆ. ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ರೈತರು ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವಂತಾಯಿತು. ಅದು ದೊಡ್ಡ ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಹಣಿ ಕೈಗೆ ಬರುವುದು ಒಂದು, ಅದನ್ನು ಓದುವುದು ಇನ್ನೊಂದು. ಒಂಬತ್ತನೆಯ ಕಲಮಿನಲ್ಲಿ ಹೆಸರಿದೆಯೆಂದು ಸಮಾಧಾನಪಟ್ಟವರು ಹನ್ನೊಂದನೆಯ ಕಲಮಿನಲ್ಲಿ ಬರೆದಿರುವ ಋಣಗಳನ್ನು ನೋಡದೆ ಜಮೀನು ಕೊಂಡರೆ ಅವರಿಗೆ ಗಣಕಯಂತ್ರದಿಂದ ಆದ ಉಪಕಾರ ಅಲ್ಪವೇ.

6

ಹಾಗಾದರೆ ಸುಳ್ಯ, ಪುತ್ತೂರು ಸೀಮೆಯಲ್ಲಿ ಮೀನುಗಾರರ ಕಸುಬಿನ ತಿಳಿವಳಿಕೆಗೆ ಸಮಾನವಾದುದು ಯಾವುದಾದರೂ ಇದೆಯೆ? ಇದೆಯೆಂದು ನಾವು ಭಾವಿಸುತ್ತೇವೆ. ಇಲ್ಲಿಯ ಅಡಿಕೆ ಬೆಳೆಗಾರರಲ್ಲಿ ಅನೇಕರು ತಮ್ಮ ಅಂಗಳದಲ್ಲಿ ಮಳೆಮಾಪಕವಿಟ್ಟು ಪ್ರತಿದಿನ ಬೆಳಿಗ್ಗೆ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಲವರ ಮನೆಗಳಲ್ಲಿ ಹಲವು ದಶಕಗಳ ಲೆಕ್ಕ ಸಿಗುತ್ತದೆ. ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಬೋರ್ಡೋ ದ್ರಾವಣದ ಸಿಂಪಡಣೆಗೆ ಬಿಡುವು ನೋಡಬೇಕು. ಹೀಗಾಗಿ ಮಳೆಯ ಲೆಕ್ಕ ಅವರಿಗೆ ಕೇವಲ ಹವ್ಯಾಸವಲ್ಲ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರು ನೆಲಕ್ಕೆ ಒಂದು ಲೀಟರು ನೀರು. ನೂರು ಮಿಲಿಮೀಟರ್ ಮಳೆ ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರು ನೀರನ್ನು ಸುರಿಯುತ್ತದೆ. ಇಂಥ ಲೆಕ್ಕ ಮನಸ್ಸಿನಲ್ಲಿರುವವರಿಗೆ ‘ಭಾರಿ ಮಳೆ’ ಎಂಬುದು ಬರಿಯ ಮಾತಲ್ಲ, ಒಂದು ಪ್ರಮಾಣ. ಈಚೆಗೆ ಇವರಲ್ಲಿ ಹಲವರು ತಮ್ಮ ಅಳತೆಗಳನ್ನು ವಾಟ್ಸಾಪ್ ಬಳಗಗಳಲ್ಲಿ ದಿನದಿನವೂ ಹಂಚಿಕೊಳ್ಳುತ್ತಾರೆ. ವದಂತಿಯನ್ನು ಹರಡುವ ಯಂತ್ರವೇ ಇಲ್ಲಿ ಅಳತೆಯನ್ನೂ ಹರಡುತ್ತಿದೆ.

ಈ ಮಳೆಯ ಪುಸ್ತಕದ ಒಂದು ಸಾಲನ್ನು ನೋಡೋಣ. ಅದರಲ್ಲಿ ತಾರೀಖು ಇರುತ್ತದೆ, ಸ್ಥಳ ಇರುತ್ತದೆ, ಅಳತೆ ಇರುತ್ತದೆ, ಅಳೆದವರು ಯಾರೆಂಬುದು ಗೊತ್ತಿರುತ್ತದೆ. ನೆರೆಮನೆಯ ಅಳತೆಯೊಡನೆ ಹೋಲಿಸಿ ತಪ್ಪಿದ್ದರೆ ಕಂಡುಹಿಡಿಯಬಹುದು. ಯಾವ ಸುದ್ದಿಗೂ ನಾವು ಕೇಳಬೇಕಾದ ಪ್ರಶ್ನೆಗಳು ಇವೇ ಅಲ್ಲವೆ? ಯಾವಾಗ, ಎಲ್ಲಿ, ಎಷ್ಟು, ಯಾರು ಕಂಡದ್ದು, ಬೇರೆ ಯಾರು ಅದನ್ನು ಒಪ್ಪುತ್ತಾರೆ? ಪಾಶ್ಚಾತ್ಯ ವಿದ್ವಾಂಸರು ಸಮಿತಿಗಳಲ್ಲಿ ಕುಳಿತು ನಿರೂಪಿಸಿದ ಲಕ್ಷಣದ ತಿರುಳು ಈ ಸೀಮೆಯ ಮಳೆಯ ಪುಸ್ತಕಗಳಲ್ಲಿ ಮೊದಲೇ ಇದೆ. ಮಳೆಗೆ ಕೇಳುವ ಪ್ರಶ್ನೆಯನ್ನು ಇತರ ಸುದ್ದಿಗಳಿಗೂ ಕೇಳಬೇಕೆಂಬುದು ಮಾತ್ರ ಇನ್ನೂ ರೂಢಿಗೆ ಬಂದಿಲ್ಲ.

ಇದೇ ಪ್ರವೃತ್ತಿಯನ್ನು ಪುತ್ತೂರಿನ ‘ಅಡಿಕೆ ಪತ್ರಿಕೆ’ಯಲ್ಲಿಯೂ ಕಾಣಬಹುದು. 1988ರಲ್ಲಿ ಆರಂಭವಾದ ಈ ಮಾಸಪತ್ರಿಕೆ ಕೃಷಿಯನ್ನು ಕುರಿತು ಕೃಷಿಕರೇ ಬರೆಯಬೇಕೆಂಬ ಧ್ಯೇಯವನ್ನಿಟ್ಟುಕೊಂಡಿತು. ಅದಕ್ಕಾಗಿ ಶಿಬಿರಗಳನ್ನು ನಡೆಸಿ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಲೇಖನದೊಡನೆ ಸಂಬಂಧಪಟ್ಟ ಕೃಷಿಕರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅಚ್ಚುಮಾಡುವ ಕ್ರಮವಿರುವುದರಿಂದ ಸಂದೇಹ ಬಂದ ವಾಚಕರು ನೇರವಾಗಿ ವಿಚಾರಿಸಿಕೊಳ್ಳಬಹುದು. ಅದಕ್ಕೂ ಬಹಳ ಹಿಂದೆ, ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಕನ್ನಡಕ್ಕೆ ಕೊಟ್ಟರು. ದೊಡ್ಡ ನಗರದಿಂದ ದೂರವಿರುವ ಊರಿನಲ್ಲಿ ಕುಳಿತು ಜಗತ್ತಿನ ಜ್ಞಾನವನ್ನು ತಾಯ್ನುಡಿಯಲ್ಲಿ ತಿಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

7

ಇಷ್ಟು ಹೇಳಿದ ಮಾತ್ರಕ್ಕೆ ಹೊಣೆಯೆಲ್ಲ ಓದುವವನದೇ ಎಂದು ತಿಳಿಯಬಾರದು. ಮಾಹಿತಿಯನ್ನು ಕೊಡುವವರಿಗೂ ಕೆಲವು ಕರ್ತವ್ಯಗಳಿವೆ. ಮೊದಲನೆಯದು, ಸುದ್ದಿ ತಲುಪುವ ಹಾದಿ. 2021ರ ಜೂನ್ ತಿಂಗಳಲ್ಲಿ ಇದೇ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಸಂಕೇತ ಸಿಗುವ ರಸ್ತೆಬದಿಯಲ್ಲಿ ಮಳೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದ, ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲಿ ಬಂದಿತು. ಜೋರು ಮಳೆಯ ರಾತ್ರಿ ಮರ ಬಿದ್ದು ವಿದ್ಯುತ್ತು ಹೋದರೆ ಮೊಬೈಲ್ ಗೋಪುರಗಳೂ ಸ್ವಲ್ಪ ಹೊತ್ತಿನಲ್ಲಿ ಮೌನವಾಗುತ್ತವೆ. ಎಚ್ಚರಿಕೆ ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಅದನ್ನು ತರುವ ಯಂತ್ರ ಕೈಕೊಡುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಎಲ್ಲ ಮೊಬೈಲುಗಳಿಗೂ ಏಕಕಾಲಕ್ಕೆ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯ ಪರೀಕ್ಷೆ ನಡೆಸಿತು, ಅದು ಸ್ವಾಗತಾರ್ಹ. ಆದರೆ ಗೋಪುರ ನಿಂತರೆ ಅದೂ ನಿಲ್ಲುತ್ತದೆ. ಆದುದರಿಂದ ಬ್ಯಾಟರಿಯ ರೇಡಿಯೊ, ಧ್ವನಿವರ್ಧಕ, ಮನೆಯಿಂದ ಮನೆಗೆ ಹೋಗಿ ಹೇಳುವ ಜನ, ಈ ಹಳೆಯ ಸಾಧನಗಳನ್ನು ಬಿಡುವಂತಿಲ್ಲ.

ಎರಡನೆಯದು ಭಾಷೆ. ಎಚ್ಚರಿಕೆಯ ವಾಕ್ಯ ಇಂಗ್ಲಿಷಿನಿಂದ ಶಬ್ದಶಃ ಇಳಿದು ಬಂದ ಕನ್ನಡದಲ್ಲಿದ್ದರೆ ಅರೆಭಾಷೆಯ ಅಜ್ಜಿಗೂ ರಬ್ಬರ್ ತೋಟದ ತಮಿಳು ಕೆಲಸಗಾರರಿಗೂ ಅದು ಅರ್ಥವಾಗದು. ಮೂರನೆಯದು ಸ್ಥಳನಿರ್ದೇಶ. ಸಂಪಾಜೆ ಎಂದು ಬರೆಯುವಾಗ ಯಾವ ಜಿಲ್ಲೆಯ ಸಂಪಾಜೆ ಎಂದು ಬರೆಯುವುದಕ್ಕೆ ಹೆಚ್ಚು ವೆಚ್ಚವಾಗುವುದಿಲ್ಲ. ನಾಲ್ಕನೆಯದು, ಅಳತೆ ಎಲ್ಲಿಂದ ಬಂದಿತೋ ಅಲ್ಲಿಗೆ ಮರಳಿ ಹೋಗಬೇಕು. ಪಂಚಾಯತಿಯಲ್ಲಿ ನಿಂತ ಮಳೆಮಾಪಕದ ಅಂಕಿ ಬೆಂಗಳೂರಿಗೆ ಕ್ಷಣದಲ್ಲಿ ತಲುಪುವಂತೆ, ಅದೇ ಪಂಚಾಯತಿಯ ಪೇಟೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಲಗೆಯ ಮೇಲೂ ಬರೆಯಲ್ಪಡಬೇಕು.

8

ಇದರಲ್ಲಿ ಕಾಲೇಜುಗಳು ಮಾಡಬಹುದಾದುದೇನು? ಮಾಹಿತಿ ಸಾಕ್ಷರತೆಯನ್ನು ಗ್ರಂಥಪಾಲರು ವರ್ಷಾರಂಭದಲ್ಲಿ ಒಂದು ಗಂಟೆ ಹೇಳಿ ಮುಗಿಸುವ ವಿಷಯವನ್ನಾಗಿ ಮಾಡಿದರೆ ಪ್ರಯೋಜನವಿಲ್ಲ. ಭೂಗೋಳ, ಭೌತಶಾಸ್ತ್ರ, ಕನ್ನಡ, ಅರ್ಥಶಾಸ್ತ್ರ ಈ ಎಲ್ಲ ವಿಭಾಗಗಳೂ ಇದರಲ್ಲಿ ಪಾಲುಗೊಳ್ಳಬಹುದು. ಭೂಗೋಳದ ವಿದ್ಯಾರ್ಥಿಗಳು ಪಯಸ್ವಿನಿಯ ಜಲಾನಯನದ ನಕ್ಷೆ ತೆಗೆದು ಯಾವ ಊರಿನ ನೀರು ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆಂದು ಗುರುತಿಸಬಹುದು. ಭೌತಶಾಸ್ತ್ರದವರು ಭೂಕಂಪಮಾನವನ್ನು ಕುರಿತು ಒಂದು ಪುಟದ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸಬಹುದು. ಕನ್ನಡದವರು ಅದನ್ನು ಅರೆಭಾಷೆ, ತುಳುಗಳಲ್ಲಿ ಹೇಳುವ ಬಗೆಯನ್ನು ತೋರಿಸಬಹುದು. ಮನೆಮನೆಗಳಲ್ಲಿರುವ ಮಳೆಯ ಹಳೆಯ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮುನ್ನ, ಬರೆದವರ ಒಪ್ಪಿಗೆ ಪಡೆದು ಪ್ರತಿಮಾಡಿ ಇಡುವುದು ಇತಿಹಾಸದ ವಿದ್ಯಾರ್ಥಿಗಳಿಗೂ ತಕ್ಕ ಕೆಲಸವೇ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಚಿನ ವರ್ಷಗಳಲ್ಲಿ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಆ ಹೆಸರು ಸಾರ್ಥಕವಾಗಬೇಕಾದರೆ ಇಂಥ ಸಾಮಗ್ರಿ ಅಲ್ಲಿಗೆ ಸೇರಬೇಕು.

ತರಗತಿಯಲ್ಲಿ ಇದನ್ನು ಕಲಿಸುವ ಒಂದು ಸರಳ ವಿಧಾನವನ್ನು ಸೂಚಿಸಬಹುದು. ಮಳೆಗಾಲದ ಒಂದು ವಾರದಲ್ಲಿ ವಿದ್ಯಾರ್ಥಿಗಳ ಮೊಬೈಲಿಗೆ ಬಂದ ಹವಾಮಾನದ ಸುದ್ದಿಗಳನ್ನೆಲ್ಲ ಬರೆದುಕೊಳ್ಳಲಿ. ಅವನ್ನು ಅಳತೆ, ವಿವರಣೆ, ಭವಿಷ್ಯ ಎಂದು ವಿಂಗಡಿಸಲಿ. ಒಂದೊಂದಕ್ಕೂ ತಾರೀಖು, ಸ್ಥಳ, ಮೂಲ ಇವೆಯೆ ಎಂದು ಗುರುತು ಹಾಕಲಿ. ವಾರದ ಕೊನೆಯಲ್ಲಿ ನಿಜವಾಗಿ ಬಿದ್ದ ಮಳೆಯೊಡನೆ ಹೋಲಿಸಲಿ. ಎಷ್ಟು ಸುದ್ದಿಗಳು ಈ ಪರೀಕ್ಷೆಯಲ್ಲಿ ಉಳಿಯುತ್ತವೆ, ಯಾರಿಂದ ಬಂದವು ಉಳಿಯುತ್ತವೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಒಮ್ಮೆ ಹೀಗೆ ಕಂಡುಕೊಂಡ ವಿದ್ಯಾರ್ಥಿ ಮನೆಗೆ ಹೋಗಿ ಹೇಳುವ ಮಾತಿಗೆ ನಮ್ಮ ಉಪನ್ಯಾಸಕ್ಕಿಂತ ಹೆಚ್ಚು ಬೆಲೆಯುಂಟು. ಘಟ್ಟದ ಬುಡದ ಊರುಗಳಲ್ಲಿ ಮುಂದಿನ ಮಳೆಗಾಲಕ್ಕೆ ಕಾಯುತ್ತಿರುವ ಮನೆಗಳು ಅನೇಕ. ಆ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ.